ಪೊಲೀಸ್ ಜಾಲತಾಣದ ಎಫ್‌ಐಆರ್ ಹುಡುಕಾಟ: ಹಾಳೆ ಸಿಗುತ್ತದೆ, ಮುಸುಕು ಸಿಗುವುದಿಲ್ಲ

ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಎಫ್‌ಐಆರ್ ಹುಡುಕುವ ಪುಟವೊಂದಿದೆ. ಜಿಲ್ಲೆ, ಠಾಣೆ, ಅಪರಾಧ ಸಂಖ್ಯೆ, ವರ್ಷ ಈ ನಾಲ್ಕು ಗೊತ್ತಿದ್ದರೆ ಪ್ರಥಮ ವರ್ತಮಾನ ವರದಿ ಪಿಡಿಎಫ್ ಆಗಿ ಕೈಗೆ ಬರುತ್ತದೆ. ಶುಲ್ಕವಿಲ್ಲ, ಯಾಕೆ ಬೇಕು ಎಂದು ಕೇಳುವವರಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತು ‘ಸಾಹೇಬ್ರು ರೌಂಡ್ಸಿಗೆ ಹೋಗಿದ್ದಾರೆ, ಸಾಯಂಕಾಲ ಬನ್ನಿ’ ಎಂಬ ಮಾತು ಕೇಳಬೇಕಿಲ್ಲ. ಸರ್ಕಾರಿ ಸೇವೆಗಳಲ್ಲಿ ಇಷ್ಟು ಚುಟುಕಾಗಿ ಮುಗಿಯುವ ಕೆಲಸ ಕಡಿಮೆ.

ಆ ಪಿಡಿಎಫ್ ತೆರೆದು ಪಿರ್ಯಾದುದಾರರ ಕಾಲಂ ನೋಡಿದಾಗ ಸೇವೆಯ ಇನ್ನೊಂದು ಮುಖ ಕಾಣುತ್ತದೆ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ವೃತ್ತಿ, ಧರ್ಮ, ಜಾತಿ, ಮನೆ ವಿಳಾಸ, ಫೋನ್ ನಂಬರ್. ನಮೂನೆಯಲ್ಲಿ ಪಾಸ್‌ಪೋರ್ಟ್ ನಂಬರಿಗೂ ಜಾಗವಿದೆ. ರಸ್ತೆಯಲ್ಲಿ ಸರ ಕಿತ್ತುಕೊಂಡು ಹೋದವನಿಗೆ ಆ ಮಹಿಳೆಯ ಮನೆ ಎಲ್ಲಿ ಅಂತ ಗೊತ್ತಿರಲಿಲ್ಲ ಅನ್ನಿ, ಈಗ ಗೊತ್ತಾಗಬಹುದು.

ಈ ಸೇವೆಯ ಗುಣವೂ ದೋಷವೂ ಒಂದೇ ಜಾಗದಲ್ಲಿವೆ. ಇದಕ್ಕಿರುವುದು ಎರಡೇ ಗುಂಡಿ: ಹಾಳೆ ಪೂರ್ತಿ ತೋರಿಸು, ಇಲ್ಲವೇ ಪೂರ್ತಿ ಬಚ್ಚಿಡು. ಖಾಸಗಿತನ ಎಂಬುದು ಸಾಲಿನ ಮಟ್ಟದ ವಿಷಯ. ಪಟ್ಟಿ ಮಾಡಿ ಕಡತ ಕಡತವಾಗಿ ಮುಚ್ಚುವುದರಿಂದ ಅದು ಉಳಿಯುವುದಿಲ್ಲ, ಕಡತ ಕಡತವಾಗಿ ತೆರೆಯುವುದರಿಂದಲೂ ಉಳಿಯುವುದಿಲ್ಲ.

ಹುಡುಕುವಾಗ ಎಡವುವ ಜಾಗಗಳು

‘ದಾಖಲೆ ಸಿಗಲಿಲ್ಲ’ ಎಂದು ಬಂದರೆ ಪೊಲೀಸರು ಬಚ್ಚಿಟ್ಟಿದ್ದಾರೆ ಅಂದುಕೊಳ್ಳುವ ಮೊದಲು ಜಿಲ್ಲೆಯ ಆಯ್ಕೆಯನ್ನು ಅನುಮಾನಿಸಿ. ಪೊಲೀಸ್ ಜಿಲ್ಲೆ ಬೇರೆ, ಕಂದಾಯ ಜಿಲ್ಲೆ ಬೇರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ನಗರಗಳಿಗೆ ಪ್ರತ್ಯೇಕ ಕಮಿಷನರೇಟ್ ಇದೆ. ಹುಬ್ಬಳ್ಳಿ ಪೇಟೆಯ ಠಾಣೆಯನ್ನು ಧಾರವಾಡ ಜಿಲ್ಲೆಯ ಕೆಳಗೆ ಹುಡುಕಿದರೆ ಅದು ಪಟ್ಟಿಯಲ್ಲೇ ಇರುವುದಿಲ್ಲ. ಕೆಜಿಎಫ್ ತಹಶೀಲ್ದಾರರ ಲೆಕ್ಕದಲ್ಲಿ ಕೋಲಾರ ಜಿಲ್ಲೆ, ಪೊಲೀಸ್ ಲೆಕ್ಕದಲ್ಲಿ ತನ್ನದೇ ಎಸ್‌ಪಿ ಇರುವ ಬೇರೆ ಜಿಲ್ಲೆ. ರೈಲಿನಲ್ಲಿ ಬ್ಯಾಗ್ ಹೋಗಿದ್ದರೆ ಊರಿನ ಠಾಣೆ ಬಿಟ್ಟು ರೈಲ್ವೆ ಪೊಲೀಸ್ ಘಟಕ ನೋಡಬೇಕು.

ಠಾಣೆಯ ಆಯ್ಕೆಯಲ್ಲೂ ಇದೇ ಕಥೆ. ಬೆಂಗಳೂರಿನಲ್ಲಿ ರಸ್ತೆ ಅಪಘಾತದ ಕೇಸು ಸಂಚಾರ ಠಾಣೆಯಲ್ಲಿ ದಾಖಲಾಗುತ್ತದೆ. ಅದೇ ಬಡಾವಣೆಯ ಕಾನೂನು-ಸುವ್ಯವಸ್ಥೆ ಠಾಣೆಯ ಕೆಳಗೆ ಎಷ್ಟು ಹುಡುಕಿದರೂ ಬರುವುದಿಲ್ಲ. ವಾಹನ ವಿಮೆ ಕ್ಲೇಮಿಗೆ ಪ್ರತಿ ಬೇಕಾದವರು ಇಲ್ಲಿ ಸುಮ್ಮನೆ ಸಮಯ ಕಳೆಯುತ್ತಾರೆ. ಆನ್‌ಲೈನ್ ವಂಚನೆಯಾಗಿದ್ದರೆ ಸ್ಥಳೀಯ ಠಾಣೆಯ ಜೊತೆಗೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯನ್ನೂ ನೋಡಿ.

ಆಮೇಲೆ ಸಂಖ್ಯೆ. ದಕ್ಷಿಣದಲ್ಲಿ ಕ್ರೈಂ ನಂಬರ್, ಉತ್ತರ ಕರ್ನಾಟಕದಲ್ಲಿ ಗುನ್ನೆ ನಂಬರ್, ಕಾಗದದ ಮೇಲೆ ಅಪರಾಧ ಸಂಖ್ಯೆ. ಪ್ರತಿ ಠಾಣೆಯಲ್ಲೂ ಜನವರಿ 1ಕ್ಕೆ 1ರಿಂದ ಹೊಸ ಎಣಿಕೆ. ಡಿಸೆಂಬರ್ 31ರ ರಾತ್ರಿ ನಡೆದ ಘಟನೆ ಬೆಳಗಿನ ಜಾವ ದಾಖಲಾಗಿದ್ದರೆ ಹೊಸ ವರ್ಷದಲ್ಲಿ ಹುಡುಕಬೇಕು, ಯಾಕೆಂದರೆ ಇಲ್ಲಿ ವರ್ಷ ಎಂದರೆ ಎಫ್‌ಐಆರ್ ದಾಖಲಾದ ವರ್ಷ, ಘಟನೆ ನಡೆದ ವರ್ಷವಲ್ಲ.

ಕೈಯಲ್ಲಿರುವ ಚೀಟಿ ಎಫ್‌ಐಆರಿನದೇ ಎಂಬುದನ್ನೂ ನೋಡಿಕೊಳ್ಳಿ. ದೂರು ಕೊಟ್ಟಾಗ ಸಿಗುವ ಅರ್ಜಿ ಸ್ವೀಕೃತಿಗೆ, ಹಿಂಬರಹಕ್ಕೆ ಬೇರೆ ಸಂಖ್ಯೆ ಇರುತ್ತದೆ. ಅಸಂಜ್ಞೇಯ (ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ) ಅಪರಾಧವಾದರೆ ಎನ್‌ಸಿಆರ್, ಅಸಹಜ ಸಾವಾದರೆ ಯುಡಿಆರ್; ಇವೆರಡೂ ಎಫ್‌ಐಆರ್ ಅಲ್ಲ, ಈ ಪುಟದಲ್ಲಿ ಬರುವುದಿಲ್ಲ. ಇನ್ನೊಂದು ಹೊಸ ತೊಡಕು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(3)ರ ಪ್ರಕಾರ, 3 ವರ್ಷದಿಂದ 7 ವರ್ಷದೊಳಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಠಾಣಾಧಿಕಾರಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಆ 14 ದಿನ ಹುಡುಕಲು ಎಫ್‌ಐಆರೇ ಇರುವುದಿಲ್ಲ. ಬೇರೆ ವ್ಯಾಪ್ತಿಯ ಠಾಣೆಯಲ್ಲಿ ಜೀರೋ ಎಫ್‌ಐಆರ್ ಆಗಿದ್ದರೆ, ವರ್ಗಾವಣೆಯಾದ ಠಾಣೆಯಲ್ಲಿ ಬಿದ್ದ ಹೊಸ ಸಂಖ್ಯೆಯನ್ನು ಕೇಳಿ ತೆಗೆದುಕೊಂಡು ಅದರಿಂದಲೇ ಹುಡುಕಬೇಕು.

ಇಳಿಸಿಕೊಂಡ ಪ್ರತಿ ದೃಢೀಕೃತ ಪ್ರತಿಯಲ್ಲ. ವಕೀಲರಿಗೆ ತೋರಿಸಲು, ಜಾಮೀನು ಅರ್ಜಿ ತಯಾರಿಸಲು ಸಾಕು. ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ ಠಾಣೆಯಿಂದಲೋ ಕೋರ್ಟಿನಿಂದಲೋ ಮೊಹರಿರುವ ಪ್ರತಿ ತರಬೇಕು. ದೂರು ಕೊಟ್ಟವರಿಗೆ ಅಥವಾ ಸಂತ್ರಸ್ತರಿಗೆ ಒಂದು ಪ್ರತಿ ಉಚಿತವಾಗಿ ಕೊಡುವುದು ಕಲಂ 173(2)ರ ಪ್ರಕಾರ ಠಾಣೆಯ ಕರ್ತವ್ಯ. ‘ವೆಬ್‌ಸೈಟಲ್ಲಿ ನೋಡ್ಕೊಳ್ಳಿ’ ಎಂದು ಕಳಿಸುವಂತಿಲ್ಲ.

24 ಗಂಟೆಯ ಲೆಕ್ಕ

ಈ ಪುಟ ಯಾರದೋ ಉದಾರ ಮನಸ್ಸಿನಿಂದ ಹುಟ್ಟಿದ್ದಲ್ಲ. ಯೂತ್ ಬಾರ್ ಅಸೋಸಿಯೇಷನ್ ಆಫ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಕೊಟ್ಟ ಆದೇಶ ಇದರ ಬುನಾದಿ. 2016ರ ನವೆಂಬರ್ 15ರಿಂದ ದೇಶಕ್ಕೆಲ್ಲ ಅನ್ವಯ. ದೆಹಲಿ ಹೈಕೋರ್ಟ್ 2010ರಲ್ಲೇ ದೆಹಲಿಯ ಮಟ್ಟಿಗೆ ಇಂಥ ಆದೇಶ ಕೊಟ್ಟಿತ್ತು. ಅದಕ್ಕೆ ಮೊದಲು, ದೂರು ಕೊಟ್ಟವನಿಗೆ ಮಾತ್ರ ಪ್ರತಿಯ ಹಕ್ಕಿತ್ತು. ಆರೋಪ ಹೊತ್ತವನು ತನ್ನ ಮೇಲೆ ಏನು ಬರೆದಿದ್ದಾರೆ ಎಂದು ತಿಳಿಯಲು ದೋಷಾರೋಪಣ ಪಟ್ಟಿಯ ಹಂತದವರೆಗೆ ಕಾಯಬೇಕಾಗುತ್ತಿತ್ತು, ಅಥವಾ ಠಾಣೆಯಲ್ಲಿ ‘ಪರಿಚಯ’ ಹುಡುಕಬೇಕಾಗುತ್ತಿತ್ತು. ಆ ಪರಿಚಯದ ದರ ಎಷ್ಟು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಈ ಸೇವೆಯ ದೊಡ್ಡ ಗುಣ ಆ ಬಾಗಿಲನ್ನು ಮುಚ್ಚಿದ್ದು.

ಆದೇಶದ ಪ್ರಕಾರ ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಜಾಲತಾಣಕ್ಕೆ ಏರಬೇಕು. ಸಂಪರ್ಕದ ತೊಂದರೆಯಿದ್ದರೆ 48 ಗಂಟೆ, ದುರ್ಗಮ ಪ್ರದೇಶವಾದರೆ ಹೆಚ್ಚೆಂದರೆ 72 ಗಂಟೆ. ಲೈಂಗಿಕ ಅಪರಾಧ, ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ), ಭಯೋತ್ಪಾದನೆ, ಬಂಡುಕೋರ ಚಟುವಟಿಕೆ ಮತ್ತು ಅಂಥದೇ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ. ಸೂಕ್ಷ್ಮ ಎಂದು ನಿರ್ಧರಿಸುವವರು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್, ಮತ್ತು ಆ ನಿರ್ಧಾರವನ್ನು ಸಂಬಂಧಪಟ್ಟ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕೊನೆಯ ಮಾತು ಉಪಯುಕ್ತ. ‘ಸೆನ್ಸಿಟಿವ್ ಕೇಸು, ಹಾಕಿಲ್ಲ’ ಎಂದು ಠಾಣೆಯ ರೈಟರ್ (ಕಡತ ಬರೆಯುವ ಪೊಲೀಸ್) ಬಾಯಿಮಾತಲ್ಲಿ ಹೇಳಿದರೆ, ಯಾರ ಸಹಿಯ ಆದೇಶ, ಯಾವ ತಾರೀಖು ಎಂದು ಕೇಳಬಹುದು. ಅಂಥ ಕಾಗದ ಇರಲೇಬೇಕು.

72 ಗಂಟೆ ಕಳೆದರೂ ಕಾಣದಿದ್ದರೆ ಹೀಗೆ ಹೋಗಿ. ಮೊದಲು ಠಾಣೆಗೆ ಪ್ರತಿನಿಧಿಯ ಮೂಲಕ ದೃಢೀಕೃತ ಪ್ರತಿಗೆ ಅರ್ಜಿ. ಆರೋಪಿ ಅಥವಾ ಆರೋಪಿಯಾಗಿರಬಹುದೆಂಬ ಅನುಮಾನವಿರುವವರು ಕೇಳಿದರೆ ನಿಗದಿತ ಶುಲ್ಕ ಪಡೆದು 24 ಗಂಟೆಯಲ್ಲಿ ಕೊಡಬೇಕು. ಅಲ್ಲಿ ಕೈ ಅಲ್ಲಾಡಿಸಿದರೆ ಎಫ್‌ಐಆರ್ ತಲುಪಿರುವ ಕೋರ್ಟಿಗೆ ಅರ್ಜಿ, ಎರಡು ಕೆಲಸದ ದಿನದಲ್ಲಿ ಪ್ರತಿ. ಸೂಕ್ಷ್ಮ ಎಂಬ ಕಾರಣಕ್ಕೇ ತಡೆದಿದ್ದರೆ ಎಸ್‌ಪಿಗೆ, ಕಮಿಷನರೇಟಿನಲ್ಲಿ ಕಮಿಷನರಿಗೆ ಲಿಖಿತ ಅರ್ಜಿ. ಮೂವರು ಅಧಿಕಾರಿಗಳ ಸಮಿತಿ ಮೂರು ದಿನದಲ್ಲಿ ಉತ್ತರಿಸಬೇಕು. ಸಮಿತಿ ಬೇಡ ಎಂದರೂ ಆರೋಪಿಗೆ ಕೋರ್ಟಿನ ಬಾಗಿಲು ತೆರೆದಿದೆ, ಅಲ್ಲೂ ಮೂರು ದಿನದ ಗಡುವು. ‘ಅಪ್‌ಲೋಡ್ ಮಾಡಿಲ್ಲ, ಆದ್ದರಿಂದ ನಿರೀಕ್ಷಣಾ ಜಾಮೀನು ಕೊಡಿ’ ಎಂಬ ವಾದ ಮಾತ್ರ ನಡೆಯುವುದಿಲ್ಲ. ಅದನ್ನು ಆದೇಶದಲ್ಲೇ ತಳ್ಳಿಹಾಕಲಾಗಿದೆ.

ಜರಡಿ ಹರಿಯುವುದು ಎಲ್ಲಿ

ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 72ರ ಪ್ರಕಾರ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಿಂದಿನ ದಂಡ ಸಂಹಿತೆಯಲ್ಲಿ ಇದು 228ಎ ಆಗಿತ್ತು. ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು (2018ರ ಡಿಸೆಂಬರ್ 11) ಇನ್ನೂ ಖಚಿತವಾಗಿ ಹೇಳಿತು: ಅತ್ಯಾಚಾರ ಮತ್ತು ಪೋಕ್ಸೊ ಎಫ್‌ಐಆರ್‌ಗಳನ್ನು ಪೊಲೀಸರು ಸಾರ್ವಜನಿಕವಾಗಿ ಇಡುವಂತಿಲ್ಲ. ಬಾಲನ್ಯಾಯ ಕಾಯ್ದೆಯ ಕಲಂ 74 ಮಕ್ಕಳಿಗೆ, ಸಾಕ್ಷಿಯಾದ ಮಗುವಿಗೂ, ಇದೇ ರಕ್ಷಣೆ ಕೊಡುತ್ತದೆ.

ಕಾನೂನು ಸ್ಪಷ್ಟವಿದ್ದರೂ ಹಾಳೆಯನ್ನು ಜಾಲತಾಣಕ್ಕೆ ಏರಿಸುವ ಯಂತ್ರ ನೋಡುವುದು ಎಫ್‌ಐಆರ್ ದಾಖಲಾದ ಗಳಿಗೆಯಲ್ಲಿ ಹಾಕಿದ ಕಲಂಗಳನ್ನು. ಹದಿನಾರರ ಹುಡುಗಿ ಮನೆಗೆ ಬಂದಿಲ್ಲ ಎಂದು ತಂದೆ ಠಾಣೆಗೆ ಹೋದರೆ ಕಾಣೆ ಪ್ರಕರಣ ಅಪಹರಣವೆಂದು ದಾಖಲಾಗುತ್ತದೆ. ಕಾಣೆಯಾದ ಮಕ್ಕಳ ವಿಷಯದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಫಲ ಅದು. ಆಗ ನ್ಯಾಯ ಸಂಹಿತೆಯ ಕಲಂ 137(2) (ಅಪಹರಣ) ಮಾತ್ರ, ಪೋಕ್ಸೊ ಇಲ್ಲ. ಒಕ್ಕಣೆಯಲ್ಲಿ ಹುಡುಗಿಯ ಹೆಸರು, ಚಹರೆ, ಶಾಲೆ, ಉಟ್ಟ ಬಟ್ಟೆ, ಅಪ್ಪನ ವಿಳಾಸ. ಮೂರು ವಾರದ ನಂತರ ಹುಡುಗಿ ಸಿಕ್ಕಿ ವೈದ್ಯಕೀಯ ಪರೀಕ್ಷೆಯಾಗಿ ಪೋಕ್ಸೊ ಕಲಂಗಳು ಸೇರುತ್ತವೆ. ಅಷ್ಟರಲ್ಲಿ ಮೊದಲ ಹಾಳೆ ಮೂರು ವಾರ ಕಾಲ ಯಾರು ಬೇಕಾದರೂ ಇಳಿಸಿಕೊಳ್ಳುವ ಜಾಗದಲ್ಲಿತ್ತು. ಕಲಂ ಸೇರಿಸುವ ಕೋರಿಕೆಯನ್ನು ತನಿಖಾಧಿಕಾರಿ ಕೋರ್ಟಿಗೆ ಸಲ್ಲಿಸಿದ ದಿನವೇ ಹಳೆಯ ಪಿಡಿಎಫ್ ಕೆಳಗಿಳಿಸಬೇಕು. ಅದಕ್ಕೆ ತಂತ್ರಜ್ಞಾನದ ಅಡ್ಡಿ ಏನೂ ಇಲ್ಲ. ಆ ಕೆಲಸ ಯಾರದು ಎಂದು ಬರೆದಿಡಬೇಕು ಅಷ್ಟೆ. ಅಪ್ರಾಪ್ತರ ಅಪಹರಣವನ್ನು ಮೊದಲ ದಿನದಿಂದಲೇ ತಡೆಪಟ್ಟಿಗೆ (ಜಾಲತಾಣಕ್ಕೆ ಏರಿಸಬಾರದ ಕಲಂಗಳ ಪಟ್ಟಿ) ಸೇರಿಸಿದರೆ ಇನ್ನೂ ಒಳ್ಳೆಯದು.

ಹಳೆ ಕಾನೂನು-ಹೊಸ ಕಾನೂನಿನ ಹೊಲಿಗೆಯಲ್ಲೂ ತೂತು ಬೀಳಬಹುದು. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಇವತ್ತು ದೂರು ಕೊಟ್ಟರೂ ಭಾರತೀಯ ದಂಡ ಸಂಹಿತೆಯ 376, ಆನಂತರದ್ದಕ್ಕೆ ನ್ಯಾಯ ಸಂಹಿತೆಯ 64 ಮತ್ತು ಮುಂದಿನವು. ತಡೆಪಟ್ಟಿಯಲ್ಲಿ ಎರಡೂ ಸಂಖ್ಯೆಗಳಿರಬೇಕು.

ಲೈಂಗಿಕ ಅಪರಾಧವಲ್ಲದ ಕೇಸುಗಳ ಕಡೆಗೆ ಯಾರ ಗಮನವೂ ಹೋಗುವುದಿಲ್ಲ, ಆದರೆ ದೈನಂದಿನ ಹಾನಿ ಅಲ್ಲೇ ಹೆಚ್ಚು. ಗಂಡನ ಮನೆಯ ಕಿರುಕುಳದ ಕೇಸು ವಿನಾಯಿತಿ ಪಟ್ಟಿಯಲ್ಲಿ ಹೆಸರಿಸಿಲ್ಲ. ‘ಸೂಕ್ಷ್ಮ’ ಎಂಬ ಮಾತಿನೊಳಗೆ ಬರುತ್ತದೋ ಇಲ್ಲವೋ ಎಂಬುದು ಅಧಿಕಾರಿಯ ವಿವೇಚನೆ. ಮಲಗುವ ಕೋಣೆಯ ಮಾತೂ, ಆಸ್ಪತ್ರೆಯ ಮಾತೂ, ಮೂರನೆಯ ಹೆಣ್ಣೊಬ್ಬಳ ಹೆಸರೂ ಅಂಥ ದೂರಿನಲ್ಲಿರುತ್ತವೆ. ಆ ಮೂರನೆಯವಳು ದೂರುದಾರಳೂ ಅಲ್ಲ, ಆರೋಪಿಯೂ ಅಲ್ಲ. ಆಕೆಗೆ ಈ ಹಾಳೆ ಇದೆ ಎಂಬುದೇ ಗೊತ್ತಿರುವುದಿಲ್ಲ. ಸೈಬರ್ ವಂಚನೆಯ ಎಫ್‌ಐಆರಿನಲ್ಲಿ ಬ್ಯಾಂಕ್ ಖಾತೆ ಸಂಖ್ಯೆ, ಯುಪಿಐ ಐಡಿ, ಕಳೆದುಕೊಂಡ ಮೊತ್ತ, ಫೋನ್ ನಂಬರ್ ಸಾಲಾಗಿ ಇರುತ್ತವೆ. ‘ಸೈಬರ್ ಠಾಣೆಯಿಂದ ಮಾತಾಡ್ತಿದೀವಿ, ನಿಮ್ಮ ಇಂತಿಷ್ಟು ರೂಪಾಯಿ ಸಿಕ್ಕಿದೆ, ಪ್ರೊಸೆಸಿಂಗ್ ಫೀಸ್ ಕಟ್ಟಿ’ ಎಂದು ಎರಡನೇ ಸಲ ಮೋಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಚೀಟಿ ಬೇಕಿಲ್ಲ.

ಜಾತಿಯ ಕಾಲಂ ಬೇರೆ ಚರ್ಚೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸಿಗೆ ಜಾತಿಯೇ ಜೀವಾಳ, ಬರೆಯಲೇಬೇಕು. ಬೈಕ್ ಕಳವಿನ ಕೇಸಿಗೆ ಅದು ಯಾತಕ್ಕೆ? ಅಲಹಾಬಾದ್ ಹೈಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ಪೊಲೀಸ್ ದಾಖಲೆಗಳಿಂದ ಜಾತಿ ತೆಗೆಯಲು ಹೇಳಿತು, ಉತ್ತರ ಪ್ರದೇಶ ಸರ್ಕಾರ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣ ಬಿಟ್ಟು ಉಳಿದದ್ದಕ್ಕೆ ಒಪ್ಪಿ ಆದೇಶ ಹೊರಡಿಸಿತು. ಇಲ್ಲಿ ಇಡೀ ನಮೂನೆ ಬದಲಿಸುವ ತನಕ ಕಾಯಬೇಕಿಲ್ಲ. ಜಾಲತಾಣದ ಪ್ರತಿಯಲ್ಲಿ ಆ ಚೌಕಕ್ಕೆ ಮಸಿ ಬಳಿದರೂ ಆಯಿತು.

ಸಮರ್ಥನೆಗೆ ಒಂದು ಮಾತಿದೆ: ಇಲ್ಲಿ ಹೆಸರು ಹಾಕಿ ಹುಡುಕಲು ಬರುವುದಿಲ್ಲ, ಸಂಖ್ಯೆ ಗೊತ್ತಿರಬೇಕು. ಮಹಾರಾಷ್ಟ್ರದ ಪೊಲೀಸ್ ತಾಣದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಕೊಟ್ಟರೆ ಆ ಠಾಣೆಯ ಪಟ್ಟಿಯೇ ಬರುತ್ತದೆ. ಅದಕ್ಕೆ ಹೋಲಿಸಿದರೆ ನಮ್ಮದು ಬಿಗಿ. ಆದರೆ 1, 2, 3 ಎಂದು ಸಾಲಾಗಿ ಹೋಗುವ ಸಂಖ್ಯೆ ಬೀಗವಲ್ಲ, ಬಾಗಿಲಿಗೆ ಕಟ್ಟಿದ ದಾರ. ತಾಳ್ಮೆಯಿರುವವನು, ಅಥವಾ ಹತ್ತು ಸಾಲಿನ ಪ್ರೋಗ್ರಾಂ ಬರೆಯಬಲ್ಲವನು, ಒಂದು ಠಾಣೆಯ ಇಡೀ ವರ್ಷವನ್ನು ಇಳಿಸಿಕೊಳ್ಳಲು ಹೊರಡಬಹುದು.

ಮುಗಿದ ಕೇಸು, ಮುಗಿಯದ ಹಾಳೆ

ಎಫ್‌ಐಆರ್ ಆರೋಪ ಮಾತ್ರ. ತನಿಖೆಯಾಗಿ ಬಿ ರಿಪೋರ್ಟ್ (ಆರೋಪಕ್ಕೆ ಆಧಾರ ಸಿಗಲಿಲ್ಲ ಎಂಬ ಪೊಲೀಸ್ ವರದಿ) ಬೀಳಬಹುದು, ಹೈಕೋರ್ಟ್ ಸುರಕ್ಷಾ ಸಂಹಿತೆಯ ಕಲಂ 528ರ ಕೆಳಗೆ (ಹಿಂದಿನ 482) ರದ್ದುಮಾಡಬಹುದು, ವಿಚಾರಣೆಯಾಗಿ ಖುಲಾಸೆಯಾಗಬಹುದು. 2016ರ ಆದೇಶ ಹಾಳೆ ಏರಿಸಲು ಗಂಟೆಗಳ ಗಡುವು ಹಾಕಿತು. ಇಳಿಸಲು ವರ್ಷದ ಗಡುವನ್ನೂ ಹಾಕಲಿಲ್ಲ. ಬಿ ರಿಪೋರ್ಟ್ ಎಫ್‌ಐಆರಿನ ಪಕ್ಕದಲ್ಲಿ ಏರಬೇಕೆಂದೂ ಹೇಳಲಿಲ್ಲ. ಪರಿಣಾಮ: ಆರೋಪ ಪುಕ್ಕಟೆ ಸಿಗುತ್ತದೆ, ಬಿಡುಗಡೆಯನ್ನು ಹುಡುಕಿಕೊಂಡು ಹೋಗಬೇಕು.

ಇದೇ ರಾಜ್ಯವ್ಯವಸ್ಥೆ ಬೇರೆ ಕಡೆ ಬೇರೆ ಥರ ಯೋಚಿಸಿದೆ ಎಂಬುದು ವಿಚಿತ್ರ. 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬಂಧಿತರ ಬೆರಳಚ್ಚು, ಕಣ್ಣಿನ ಅಚ್ಚು ಮೊದಲಾದವನ್ನು 75 ವರ್ಷ ಇಟ್ಟುಕೊಳ್ಳಬಹುದು ಎನ್ನುತ್ತದೆ. ಸಾಕಷ್ಟು ಟೀಕೆಗೆ ಒಳಗಾದ ಕಾಯ್ದೆ ಅದು. ಅದರಲ್ಲೂ ಒಂದು ಷರತ್ತಿದೆ: ಹಿಂದೆ ಶಿಕ್ಷೆಯಾಗದವನು ಖುಲಾಸೆಯಾದರೆ, ಕೋರ್ಟ್ ಕಾರಣ ಬರೆದು ಬೇರೆ ಹೇಳದ ಹೊರತು, ಆ ದಾಖಲೆಯನ್ನು ನಾಶಮಾಡಬೇಕು. ಬೀಗ ಹಾಕಿದ ಕೋಣೆಯೊಳಗಿನ ಬೆರಳಚ್ಚಿಗೆ ಇರುವ ಮರ್ಯಾದೆ ಬೀದಿಯಲ್ಲಿರುವ ಹೆಸರಿಗೆ ಇಲ್ಲ.

ಹೆಸರು ತೆಗೆಸುವ ದಾರಿ ಇಲ್ಲವೆಂದಲ್ಲ, ಉದ್ದವಾಗಿದೆ. ರದ್ದತಿ ಆದೇಶದ ದೃಢೀಕೃತ ಪ್ರತಿ ಇಟ್ಟು ಎಸ್‌ಪಿ ಅಥವಾ ಕಮಿಷನರಿಗೆ ಲಿಖಿತ ಮನವಿ, ಉತ್ತರ ಬರದಿದ್ದರೆ ರಿಟ್. ರದ್ದತಿ ಅರ್ಜಿ ಹಾಕುವಾಗಲೇ, ಎಫ್‌ಐಆರ್ ಪ್ರತಿಯನ್ನು ಜಾಲತಾಣದಿಂದ ತೆಗೆಯಬೇಕು ಮತ್ತು ಆದೇಶದಲ್ಲಿ ಹೆಸರು ಮರೆಸಬೇಕು ಎಂಬ ಕೋರಿಕೆಯನ್ನೂ ಸೇರಿಸಿದರೆ ಎರಡನೇ ರಿಟ್ಟಿನ ಖರ್ಚು ಉಳಿಯಬಹುದು. ವಕೀಲರಿಗೆ ಇದನ್ನು ಮೊದಲೇ ಹೇಳಿ. ಕರ್ನಾಟಕ ಹೈಕೋರ್ಟ್ ಈ ವಿಷಯದಲ್ಲಿ ದೇಶದ ಮುಂಚೂಣಿಯಲ್ಲಿದ್ದದ್ದು: 2017ರ ಜನವರಿಯಲ್ಲೇ, ಇತ್ಯರ್ಥವಾದ ಪ್ರಕರಣವೊಂದರಲ್ಲಿ ಮಹಿಳೆಯ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಅದೇ ವರ್ಷ ಆಗಸ್ಟ್ 24ಕ್ಕೆ. ಆ ಕೇಸಿನ ಅರ್ಜಿದಾರರು ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಲ್ಲಿ ನೆರವಿಗೆ ಬರುತ್ತದೆ ಎಂದು ನಂಬಿಕೊಂಡವರು ಅದರ ಕಲಂ 3 ಓದಬೇಕು. ಕಾನೂನಿನ ಬಾಧ್ಯತೆಯಿಂದಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದೇ ಇಲ್ಲ.

ಆರ್‌ಟಿಐ ಜೊತೆಗಿಟ್ಟು ನೋಡಿದರೆ

ಎಫ್‌ಐಆರ್ ಆಚೆಗಿನ ದಾಖಲೆ ಬೇಕಾದವರು ಮಾಹಿತಿ ಹಕ್ಕಿನ ದಾರಿ ಹಿಡಿಯುತ್ತಾರೆ. ಕರ್ನಾಟಕದಲ್ಲಿ ಅರ್ಜಿಗೆ 10 ರೂಪಾಯಿ, ಒಂದು ಪುಟಕ್ಕೆ 2 ರೂಪಾಯಿ, ಅರ್ಜಿ 150 ಪದ ಮೀರುವಂತಿಲ್ಲ, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. 150 ಪದದ ನಿಯಮ ಮರೆತು ಎರಡು ಪುಟ ಬರೆದರೆ ಹಿಂಬರಹ ಬರುತ್ತದೆ, ಮಾಹಿತಿ ಬರುವುದಿಲ್ಲ. ಗಡುವು 30 ದಿನ, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಆಮೇಲೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ನಂತರ 90 ದಿನದೊಳಗೆ ಮಾಹಿತಿ ಆಯೋಗ.

ಪೊಲೀಸರು ಸಾಮಾನ್ಯವಾಗಿ ಹಿಡಿಯುವ ಗುರಾಣಿ ಕಲಂ 8(1)(ಎಚ್): ತನಿಖೆಗೆ ಅಡ್ಡಿ. ತನಿಖೆ ಬಾಕಿಯಿದೆ ಎಂಬುದಷ್ಟೇ ಸಾಲದು, ಮಾಹಿತಿ ಕೊಟ್ಟರೆ ಅಡ್ಡಿ ಹೇಗಾಗುತ್ತದೆ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಈ ಒಂದು ವಾಕ್ಯ ಮರೆಯಬೇಡಿ. ಎರಡನೆಯ ಗುರಾಣಿ 8(1)(ಜೆ), ವೈಯಕ್ತಿಕ ಮಾಹಿತಿ. 2025ರ ನವೆಂಬರಿನಿಂದ ಇದು ದಪ್ಪಗಾಗಿದೆ: ಹಿಂದೆ ‘ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ’, ‘ವ್ಯಾಪಕ ಸಾರ್ವಜನಿಕ ಹಿತ ಇಲ್ಲದ’ ಎಂಬ ಷರತ್ತುಗಳಿದ್ದವು, ಈಗ ವೈಯಕ್ತಿಕ ಮಾಹಿತಿ ಎಂದರೆ ಸಾಕು, ನಿರಾಕರಿಸಬಹುದು. ಉಳಿದಿರುವ ಕಿಟಕಿ ಕಲಂ 8(2), ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವುದು. ಆದ್ದರಿಂದ ಈಗ ಅರ್ಜಿಯ ಮೊದಲ ಸಾಲಿನಲ್ಲೇ ಸಾರ್ವಜನಿಕ ಹಿತ ಏನೆಂದು ಬರೆಯಬೇಕು, ಹೆಸರುಗಳ ಬದಲು ಠಾಣಾವಾರು ಸಂಖ್ಯೆ, ಕಲಂ, ತಾರೀಖು ಕೇಳಬೇಕು.

ಇಷ್ಟಾಗಿಯೂ ಆರ್‌ಟಿಐ ಕಾಯ್ದೆಯಲ್ಲಿ ಎಫ್‌ಐಆರ್ ಪುಟಕ್ಕೆ ಇಲ್ಲದ ಒಂದು ಉಪಕರಣವಿದೆ, ಕಲಂ 10. ಕೊಡಬಾರದ ಭಾಗಕ್ಕೆ ಮಸಿ ಬಳಿದು ಉಳಿದದ್ದನ್ನು ಕೊಡು ಎನ್ನುತ್ತದೆ ಅದು. 2005ರಲ್ಲಿ, ಜೆರಾಕ್ಸ್ ಮತ್ತು ಮಾರ್ಕರ್ ಪೆನ್ನಿನ ಕಾಲದಲ್ಲಿ ಬರೆದ ಕಲಂ. ಪೊಲೀಸ್ ತಂತ್ರಾಂಶದಲ್ಲಿ ಎಫ್‌ಐಆರ್ ಕಾಲಂ ಕಾಲಂ ಆಗಿಯೇ ತುಂಬಲ್ಪಡುತ್ತದೆ; ಪಿಡಿಎಫ್ ಅಚ್ಚಾಗುವಾಗ ಫೋನ್, ಮನೆ ನಂಬರ್, ಪಾಸ್‌ಪೋರ್ಟ್, ಜಾತಿ ಕಾಲಂಗಳನ್ನು ಸಾರ್ವಜನಿಕ ಪ್ರತಿಯಲ್ಲಿ ಖಾಲಿ ಬಿಡುವುದು ಮಾರ್ಕರ್ ಪೆನ್ನಿಗಿಂತ ಸುಲಭ. ಕಷ್ಟದ್ದು ಒಕ್ಕಣೆಯ ಭಾಗ, ಅಲ್ಲಿ ಹೆಸರುಗಳು ವಾಕ್ಯದೊಳಗೆ ಹೂತಿರುತ್ತವೆ. ಅದಕ್ಕೆ ಮನುಷ್ಯರ ಕಣ್ಣು ಬೇಕು, 24 ಗಂಟೆಯೊಳಗೆ ಬೇಕು. ಪೂರ್ಣ ಪ್ರತಿ ದೂರುದಾರರಿಗೆ, ಆರೋಪಿಗೆ, ಅವರ ವಕೀಲರಿಗೆ ಓಟಿಪಿ ಮೂಲಕ. ಮಸಿ ಬಳಿದ ಪ್ರತಿ ಉಳಿದವರಿಗೆ. ಬ್ರಿಟನ್ನಿನ ಪೊಲೀಸ್ ನಕ್ಷೆಯಲ್ಲಿ ಅಪರಾಧ ನಡೆದ ಜಾಗವನ್ನು ಮನೆಯ ಮೇಲೆ ಗುರುತಿಸದೆ ಹತ್ತಿರದ ಒಂದು ನಿಗದಿತ ಬಿಂದುವಿಗೆ ಸರಿಸುತ್ತಾರೆ, ಆ ಬಿಂದುವಿನ ವ್ಯಾಪ್ತಿಯಲ್ಲಿ ಕನಿಷ್ಠ ಎಂಟು ವಿಳಾಸಗಳಿರಬೇಕು (ಇಲ್ಲವೇ ಒಂದೂ ಇರಬಾರದು). ಬಡಾವಣೆಯವರಿಗೆ ಕಳವು ಎಲ್ಲಿ ಹೆಚ್ಚು ಎಂಬುದು ತಿಳಿಯುತ್ತದೆ, ಯಾರ ಮನೆ ಎಂಬುದು ತಿಳಿಯುವುದಿಲ್ಲ.

ಪಕ್ಕದ ದಾಖಲೆಗಳು

ದೋಷಾರೋಪಣ ಪಟ್ಟಿ ಈ ಪುಟದಲ್ಲಿ ಹುಡುಕಬೇಡಿ. ಅದು ಸಾರ್ವಜನಿಕ ದಾಖಲೆಯಲ್ಲ, ಜಾಲತಾಣಕ್ಕೆ ಹಾಕಬೇಕಿಲ್ಲ ಎಂದು ಸೌರವ್ ದಾಸ್ ಪ್ರಕರಣದಲ್ಲಿ 2023ರ ಜನವರಿ 20ರಂದು ಸುಪ್ರೀಂ ಕೋರ್ಟ್ ಹೇಳಿತು. ರೌಡಿ ಶೀಟ್ ಕೂಡ ಪೊಲೀಸರ ಒಳಗಿನ ದಾಖಲೆ. 2024ರ ಮೇ 7ರ ತೀರ್ಪಿನಲ್ಲಿ (ಅಮಾನತುಲ್ಲಾ ಖಾನ್ ಪ್ರಕರಣ) ಅದನ್ನು ಮತ್ತೆ ಖಚಿತಪಡಿಸಿ, ಮನೆಯ ಅಪ್ರಾಪ್ತ ಮಕ್ಕಳ ವಿವರ ಅದರಲ್ಲಿ ಬರಬಾರದು ಎಂದೂ ಸೇರಿಸಿತು. ಇನ್ನೊಂದು ಕಡೆ, ಸುರಕ್ಷಾ ಸಂಹಿತೆಯ ಕಲಂ 37 ಬಂಧಿತರ ಹೆಸರು, ವಿಳಾಸ, ಅಪರಾಧದ ಸ್ವರೂಪವನ್ನು ಪ್ರತಿ ಠಾಣೆಯಲ್ಲಿ, ಜಿಲ್ಲಾ ಕೇಂದ್ರದಲ್ಲಿ, ಡಿಜಿಟಲ್ ರೂಪದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು ಎನ್ನುತ್ತದೆ. ಮಗ ಎಲ್ಲಿದ್ದಾನೆ ಎಂದು ಠಾಣೆಯಿಂದ ಠಾಣೆಗೆ ಅಲೆಯುವ ತಾಯಿಗೆ ಅದು ವರ. ಬಿಡುಗಡೆಯಾದ ಮೇಲೆ ಬೋರ್ಡಿನಿಂದ ಯಾವಾಗ ಅಳಿಸಬೇಕು ಎಂಬುದಕ್ಕೆ ಕಲಂನಲ್ಲಿ ಮಾತಿಲ್ಲ.

ಎಫ್‌ಐಆರ್ ನಂತರ ಏನಾಯಿತು ಎಂದು ತಿಳಿಯಲು ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲಾ ನ್ಯಾಯಾಲಯ ಆರಿಸಿ, ಎಫ್‌ಐಆರ್ ಸಂಖ್ಯೆಯ ಮೂಲಕ ಹುಡುಕಿ. ಬಾಕಿ, ಇತ್ಯರ್ಥ ಎರಡೂ ಆಯ್ಕೆಗಳಲ್ಲಿ ನೋಡಿ. ಬಾಡಿಗೆದಾರರ, ಕೆಲಸದವರ, ವಧು-ವರರ ಹಿನ್ನೆಲೆ ನೋಡಲು ಎಫ್‌ಐಆರ್ ಪುಟ ಬಳಸುವವರು ಈ ಎರಡನೇ ಹೆಜ್ಜೆ ಇಡುವುದೇ ಇಲ್ಲ.

ದೂರು ಕೊಡುವವರ ಕೈಯಲ್ಲಿರುವ ಒಂದು ಗಳಿಗೆ

ಸೇವೆ ಬದಲಾಗುವ ತನಕ, ಹಾಳೆಯಲ್ಲಿ ಏನಿರಬೇಕು ಎಂಬುದರ ಮೇಲೆ ದೂರುದಾರರಿಗೆ ಸ್ವಲ್ಪ ಹಿಡಿತವಿದೆ. ಬಾಯಿಮಾತಿನ ದೂರನ್ನು ಬರೆದುಕೊಂಡ ಮೇಲೆ ಓದಿ ಹೇಳಿ ಸಹಿ ಪಡೆಯಬೇಕೆಂದು ಕಲಂ 173 ಹೇಳುತ್ತದೆ. ವಿದ್ಯುನ್ಮಾನ ದೂರಾದರೆ ಸಹಿಗೆ ಮೂರು ದಿನ ಸಮಯವಿದೆ. ಸಹಿಗೆ ಮೊದಲು ಒಕ್ಕಣೆ ಓದಿ. ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮಾತ್ರ ದೂರಿನಲ್ಲಿ ಬರೆದು, ಪೂರ್ತಿ ಸಂಖ್ಯೆ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟನ್ನು ಅನುಬಂಧವಾಗಿ ಲಗತ್ತಿಸಿ. ತನಿಖಾಧಿಕಾರಿಗೆ ಪೂರ್ತಿ ಮಾಹಿತಿ ಸಿಗುತ್ತದೆ, ಒಕ್ಕಣೆಯಲ್ಲಿ ಅಚ್ಚಾಗುವುದು ನಾಲ್ಕೇ ಅಂಕಿ. ಆಧಾರ್ ಸಂಖ್ಯೆ ದೂರಿನ ಒಡಲಲ್ಲಿ ಬೇಡವೇ ಬೇಡ. ಪಾಸ್‌ಪೋರ್ಟ್, ಇ-ಮೇಲ್ ಕಾಲಂಗಳನ್ನು ಕೇಸಿಗೆ ಸಂಬಂಧವಿಲ್ಲದಿದ್ದರೆ ಖಾಲಿ ಬಿಡಲು ಹೇಳಿ. ಮಗುವಿನ ಹೆಸರು ಬರಬೇಕಾದ ಕಡೆ ‘ನನ್ನ ಮಗಳು’ ಎಂದು ಬರೆದು, ಹೆಸರು, ವಯಸ್ಸಿನ ದಾಖಲೆಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಡುತ್ತೇನೆ ಎನ್ನಿ. ಪ್ರಕರಣ ಸೂಕ್ಷ್ಮ ಅನಿಸಿದರೆ ದೂರಿನ ಕೊನೆಯಲ್ಲೇ ‘ಈ ಎಫ್‌ಐಆರನ್ನು ಜಾಲತಾಣದಲ್ಲಿ ಪ್ರಕಟಿಸದಂತೆ ಡಿವೈಎಸ್‌ಪಿಯವರ ಆದೇಶ ಪಡೆಯಬೇಕಾಗಿ ಕೋರಿಕೆ’ ಎಂಬ ಒಂದು ಸಾಲು ಸೇರಿಸಿ, ಸ್ವೀಕೃತಿಯ ಮೇಲೆ ಸಮಯ ಹಾಕಿಸಿಕೊಳ್ಳಿ. 24 ಗಂಟೆಯ ಗಡಿಯಾರ ಎಫ್‌ಐಆರ್ ದಾಖಲಾದ ಗಳಿಗೆಯಿಂದಲೇ ಓಡಲು ಶುರು.